ಮರುಳಸಿದ್ದಮ್ಮನನ್ನು ಅಳಿಸಿದ ಬಗೆ

ಗಂಗಾಧರಪ್ಪನವರು ಮೋಡಿ ಎಂಬ ಹಳೆಯ ಲಿಪಿಯನ್ನು ಓದಲು ಕಲಿತದ್ದು ಕುರುಡರೊಬ್ಬರಿಂದ. ಚಿತ್ರದುರ್ಗದ ದಾಖಲೆ ಕೋಣೆಗೆ ಗುಮಾಸ್ತರಾಗಿ ಸೇರಿದ ಹೊಸದರಲ್ಲಿ, ಲೇಖನಿಯನ್ನೆತ್ತದೆ ಒಂದಕ್ಕೊಂದು ಹೆಣೆದು ಬರೆದ ಆ ಹಳೆಯ ಪತ್ರಗಳು ಅವರನ್ನು ಅಣಕಿಸುತ್ತಿದ್ದವು. ರಜೆ ಬಂತೆಂದರೆ ಬಸ್ಸು ಹಿಡಿದು ಮಾಡದಕೆರೆಗೆ ಹೋಗುವರು. ಅಲ್ಲಿ ದೃಷ್ಟಿ ಕಳೆದುಕೊಂಡಿದ್ದ ಮುದಿ ಶಾನುಭೋಗರು ಇವರ ಅಂಗೈಯನ್ನು ಬಿಡಿಸಿ, ಅದರ ಮೇಲೆ ಬೆರಳಿನಿಂದ ಒಂದೊಂದೇ ಅಕ್ಷರವನ್ನು ಎಳೆದು ತೋರಿಸುವರು. ಕೆಲವು ವರ್ಷಗಳ ಬಳಿಕ, ವಕೀಲರೆಲ್ಲ ಕೈಚೆಲ್ಲಿದ್ದ ಪತ್ರವೊಂದನ್ನು ಗಂಗಾಧರಪ್ಪನವರು ತುಂಬಿದ ನ್ಯಾಯಾಲಯದಲ್ಲಿ ಎಡವದೆ ಓದಿದರು. ಐಮಂಗಲದ ದೊಡ್ಡ ಹಿಡುವಳಿದಾರರೊಬ್ಬರಿಗೆ ಕೆರೆಯ ಹಿಂದಣ ಹೊಲಗಳೆಲ್ಲ ಉಳಿದವು. ಅವರು ಶಾಲು ಹೊದಿಸಿದರು. ಮರುವರ್ಷ ಬಸ್ ನಿಲ್ದಾಣದಲ್ಲಿ ಎದುರಾದಾಗ, "ಯಾವೂರಪ್ಪ ನಿಂದು?" ಎಂದು ಕೇಳಿದರು.

ಆ ಪ್ರಶ್ನೆಯನ್ನು ಗಂಗಾಧರಪ್ಪನವರು ಮರೆಯಲಿಲ್ಲ. ನಿವೃತ್ತರಾಗಿ, ಬಾಡಿಗೆ ಮನೆಗಳನ್ನು ಬದಲಿಸುತ್ತ ಮುಪ್ಪಾದಾಗಲೂ ಅದು ಒಳಗೆ ಕುಟುಕುತ್ತಿತ್ತು. ಹೀಗಿರಲು ಅದೇ ಹಿಡುವಳಿದಾರರ ಮೊಮ್ಮಗ ಹಾಲೇಶ್ ಒಂದು ಮಧ್ಯಾಹ್ನ ಬಾಗಿಲಿಗೆ ಬಂದ.

"ಅಜ್ಜಾರೇ, ಹೆದ್ದಾರಿ ಪಕ್ಕದ ಜಮೀನು ನಮ್ ಮುತ್ತಜ್ಜ ಕಾಟಲಿಂಗಪ್ಪಂದು. ಕುರಿ ಕಾಯೋರು ಅಲ್ಲಿ ಮನೆ ಕಟ್ಕಂಡು ಕುಂತವ್ರೆ. ಅವ್ರತ್ರ ಒಂದು ಹಳೇ ಪತ್ರ ಐತೆ. ಅದನ್ನ ಓದಾಕೆ ಕೋರ್ಟು ನಿಮ್ಮನ್ನೇ ನೇಮಿಸೈತೆ. ನೀವು ಓದಿದ್ದೇ ಖರೆ. ತಪ್ಪು ಅನ್ನಾಕೆ ಈಗ ಯಾವನೈದಾನೆ?"

ಜಮೀನು ಕೈಗೆ ಬಂದರೆ, ಅದರ ಮೂಲೆಯಲ್ಲಿ ಅಜ್ಜಾರ ಹೆಸರಿಗೊಂದು ನಿವೇಶನ ಎಂದೂ ಆಸೆ ತೋರಿಸಿದ. ಸಾಯುವ ಮುನ್ನ ಸ್ವಂತ ಸೂರು.

ನ್ಯಾಯಾಲಯ ಕಳುಹಿಸಿದ ನಕಲನ್ನು ಅವರು ಕುಳಿತಲ್ಲಿಂದ ಏಳದೆ ಓದಿ ಮುಗಿಸಿದರು. ಕಾಟಲಿಂಗಪ್ಪನ ನಾದಿನಿ ಮರುಳಸಿದ್ದಮ್ಮ ಎಂಬ ವಿಧವೆ, ತನ್ನ ತವರಿನಿಂದ ಬಂದ ಆ ಜಮೀನನ್ನು ಕುರಿಗಾಹಿ ಪಾಲಣ್ಣನಿಗೆ ಶಾಶ್ವತವಾಗಿ ಮಾರಿದ್ದಳು. ಹಾಲೇಶನ ಮನೆತನಕ್ಕೆ ಅದರಲ್ಲಿ ಹಿಡಿಮಣ್ಣಿನ ಹಕ್ಕೂ ಇರಲಿಲ್ಲ.

ಆದ್ದರಿಂದ ಮರುಳಸಿದ್ದಮ್ಮನನ್ನು ಅಳಿಸಬೇಕಾಯಿತು. ಕಾಗದವನ್ನು ಮುಟ್ಟುವ ಮೂರ್ಖತನಕ್ಕೆ ಅವರು ಕೈಹಾಕಲಿಲ್ಲ. ಸುಳ್ಳು ಇರಬೇಕಾದದ್ದು ಓದಿನಲ್ಲಿ. ಆಕೆಯಿದ್ದಲ್ಲೆಲ್ಲ ಕಾಟಲಿಂಗಪ್ಪನನ್ನು ಕೂರಿಸಿದರು. ಮಾರಾಟವನ್ನು ಮೂರು ವರ್ಷದ ಹುಲ್ಲುಗಾವಲಿನ ಅನುಮತಿಯಾಗಿಸಿದರು. ಸಾಲಿಗೆ ಸಾಲು ಹೊಂದುವಂತೆ ವಾಕ್ಯಗಳನ್ನು ಅಳೆದು ಕಟ್ಟಿದರು. ಹುಳು ತಿಂದ ತಾಣಗಳಲ್ಲಿ ತಡವರಿಸುವುದನ್ನೂ ಅಭ್ಯಾಸ ಮಾಡಿದರು. ನೋಂದಣಿ ಪ್ರತಿಯನ್ನು ಗೆದ್ದಲು ತಿಂದು ಎಷ್ಟೋ ಕಾಲವಾಗಿತ್ತು. ಈ ಬರಹವನ್ನು ಬಲ್ಲ ಇನ್ನೊಬ್ಬರು ಸುತ್ತಲಿನ ತಾಲ್ಲೂಕುಗಳಲ್ಲಿ ಉಳಿದಿರಲಿಲ್ಲ. ತಾವು ಕಲಿತ ವಿದ್ಯೆ ತಮ್ಮೊಂದಿಗೇ ಮಣ್ಣಾಗುವುದೆಂಬ ಹಳೆಯ ಸಂಕಟವು ಈಗ ಅವರಿಗೆ ಭದ್ರವಾದ ಕೋಟೆಯಂತೆ ತೋರಿತು.

ಓದಿನ ದಿನ ಹಿರಿಯೂರಿನಲ್ಲಿ, ನ್ಯಾಯಾಲಯ ನೇಮಿಸಿದ ಕಮಿಷನರರ ಕೋಣೆಯ ಹೊರಗೆ, ಪಾಲಣ್ಣನ ಮನೆತನದ ಸೊಸೆ ಮುದ್ದಕ್ಕ ಕಾದಿದ್ದಳು. ಮುದುಕಿ ಕೈಮುಗಿದಳು.

"ಅಣ್ಣಾರೇ, ಅದ್ರಾಗೆ ಏನೈತೋ ಅದನ್ನೇ ಹೇಳ್ರಿ. ನಮ್ದಲ್ಲ ಅಂದ್ರೆ ಕುರಿ ಹೊಡ್ಕಂಡು ಎದ್ದು ಹೋಗ್ತೀವಿ."

ಆ ಕ್ಷಣ ಹಿಂದಿರುಗಬಹುದೆನಿಸಿತು. ಆದರೆ ಓದನ್ನು ಬರೆದು ರುಜು ಹಾಕಿ ಮುಂಚೆಯೇ ಸಲ್ಲಿಸಿಯಾಗಿತ್ತು. ಬೇರೆಯಾಗಿ ಓದಿದರೆ ಜೈಲು. ಒಳಗೆ ಹಾಲೇಶ್ ಕಾಲಮೇಲೆ ಕಾಲು ಹಾಕಿ ಕುಳಿತಿದ್ದ. ಗಂಗಾಧರಪ್ಪನವರು ಪ್ರಮಾಣ ಮಾಡಿ, ಮೂಲಪತ್ರದ ಮೇಲೆ ಬೆರಳಾಡಿಸುತ್ತ, ತಾವು ಕಟ್ಟಿದ್ದನ್ನು ಆದಿಯಿಂದ ಅಂತ್ಯದವರೆಗೆ ಓದಿದರು. ತಡವರಿಸಬೇಕಾದಲ್ಲಿ ತಡವರಿಸಿದರು. ಕಮಿಷನರರು ಟೈಪು ಮಾಡಿಸಿಕೊಂಡರು. ಮುದ್ದಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು ಕುಳಿತಳು.

"ಆಯ್ತಲ್ಲ, ಹೋಗಾಣ," ಎಂದು ಹಾಲೇಶ್ ಎದ್ದ.

"ಕುಂತ್ಕಳ್ರಿ ಹಾಲೇಶಣ್ಣ, ಬಸ್ಸೇನು ಓಡಿಹೋಗಲ್ಲ," ಎಂದಳು ಮುದ್ದಕ್ಕನ ಮೊಮ್ಮಗಳು ರಂಜಿತಾ. ಕಾಲೇಜಿಗೆ ಹೋಗುವ ಹುಡುಗಿ; ಇಷ್ಟು ಹೊತ್ತೂ ಮೇಜಿನ ಮೇಲೆ ಬಗ್ಗಿ, ತನಗೆ ಒಂದಕ್ಷರವೂ ತಿಳಿಯದ ಕಾಗದವನ್ನು ಚಿತ್ರ ನೋಡುವಂತೆ ನೋಡುತ್ತಿದ್ದಳು. ಪತ್ರದ ಬುಡದಲ್ಲಿದ್ದ ಸಣ್ಣ ಸುತ್ತಿನ ಬಳಿ ಬೆರಳು ತಂದಳು. "ಅಜ್ಜಾರೇ, ಇದ್ಯಾವ ಅಕ್ಷರ?"

ಕಲಿಸುವ ಹುರುಪು ಗಂಗಾಧರಪ್ಪನವರನ್ನು ಬಿಟ್ಟಿರಲಿಲ್ಲ. "ಅಕ್ಷರ ಅಲ್ಲಮ್ಮ ಅದು. ಜಮೀನು ಕೊಟ್ಟೋರಿಗೆ ಓದು ಬರಹ ಬರದಿದ್ರೆ ರುಜು ಬದ್ಲು ಅವ್ರ ಗುರುತು ಬರೀತಿದ್ರು," ಎಂದರು. ಕಮಿಷನರರು ಅದನ್ನೂ ಟೈಪು ಮಾಡಿಸಿದರು. ಮುದ್ದಕ್ಕ ಸೆರಗನ್ನು ಬಾಯಿಂದ ತೆಗೆದು ಮೇಜಿನತ್ತ ಕತ್ತು ಚಾಚಿದಳು. "ಅಯ್ಯ, ಅದು ಬಳೆ ಅಲ್ವೇನೇ? ನಮ್ಮತ್ತೇನೂ ಕಾಗದಕ್ಕೆ ಬಳೇನೇ ಬರೀತಿದ್ಲು. ಗಂಡಸ್ರಾದ್ರೆ ನೇಗಿಲು." ಗಂಗಾಧರಪ್ಪನವರು ಬಗ್ಗಿ ನೋಡಿದರು. ಅಕ್ಷರಗಳಲ್ಲಿದ್ದ ಹೆಂಗಸನ್ನು ಅವರು ಒಂದು ಕಡೆಯೂ ಬಿಡದಂತೆ ಅಳಿಸಿದ್ದರು. ಅಕ್ಷರವಲ್ಲದ ಕಡೆ ಆಕೆ ಹಾಗೆಯೇ ಕುಳಿತಿದ್ದಳು. ಟೈಪಿನ ಸದ್ದು ನಿಂತಿತು. ಹಾಲೇಶ್ ಬಾಗಿಲ ಕಡೆ ನೋಡಿದ. ಕಮಿಷನರರು ಜವಾನನಿಗೆ ಬಾಗಿಲು ಹಾಕುವಂತೆ ಸನ್ನೆ ಮಾಡಿದರು. ರಂಜಿತಾ ಪತ್ರವನ್ನು ಮೆಲ್ಲನೆ ಗಂಗಾಧರಪ್ಪನವರ ಮುಂದಕ್ಕೆ ಸರಿಸಿದಳು. "ಕಾಟಲಿಂಗಪ್ಪಾರು ಬಳೆ ತೊಡ್ತಿದ್ರಾ ಅಜ್ಜಾರೇ? ಮೊದ್ಲಿಂದ ಇನ್ನೊಂದ್ಸಲ ಓದ್ರಿ, ಕೇಳಾಣ."