ನೂರು ವರ್ಷದ ಬಣ್ಣ

“ಆ ಫೋಟೋವನ್ನು ಕಿಟಕಿಯಿಂದ ತೆಗೀಬೇಡಿ, ಆಯ್ತಾ. ಅದರ ಕಾಪಿಯಂತೂ ಮಾಡ್ಲಿಕ್ಕೇ ಹೋಗ್ಬೇಡಿ,” ಎಂದು ಅತ್ತೆ ಪ್ರಫುಲ್ಲಾ ಮೊದಲ ದಿನವೇ ಅಳಿಯನಿಗೆ ಹೇಳಿದ್ದರು. ಒಳಕೋಣೆಯವಳಿಗೆ ಕೇಳಬಾರದೆಂದು ದನಿ ತಗ್ಗಿಸಿದ್ದರು.

ಪ್ರಫುಲ್ಲಾರ ಕಿರಿಯ ಮಗಳು ಮಾನಸಿಯನ್ನು ಶಶಿಕಾಂತ ಮದುವೆಯಾಗಿ ವಾರವಾಗಿತ್ತು. ದಿವಾದ ಫ್ಲ್ಯಾಟಿನ ಕೀಲಿ ಸಿಗುವವರೆಗೆ ಡೊಂಬಿವಲಿಯ ಈ ಮನೆಯಲ್ಲೇ ವಾಸ. ಒಳಕೋಣೆಯಲ್ಲಿ ಹಿರಿಯವಳು ಜಯಲತಾ ಮೂರು ವರ್ಷದಿಂದ ಮಲಗಿದ್ದಳು. ವರ ಹುಡುಕುವಾಗ ಮನೆಯ ಪ್ರಿಂಟರಿನಲ್ಲೇ ತೆಗೆದು ಕಳಿಸಿದ್ದ ಅವಳ ಫೋಟೋ, ಇವರು ಬೇಡವೆಂದ ಒಂದು ಮನೆಯಿಂದ ಹಿಂತಿರುಗಿ ಬಂದಿತ್ತು. ಹಣೆ, ಗಂಟಲು, ಎದೆ, ಎರಡು ಕೈ, ಎರಡು ಕಾಲು. ಏಳು ಸೂಜಿತೂತು. ಅಂದೇ ಸಂಜೆ ಹುಡುಗಿ ಬಿದ್ದಳು. ಮಾತಿಲ್ಲ, ಅಲುಗಾಟವಿಲ್ಲ.

ಆಸ್ಪತ್ರೆಗಳು ಕೈಚೆಲ್ಲಿದ ಮೇಲೆ ಊರಿನಿಂದ ಮಾಟ ತೆಗೆಯುವ ಮುಂಡಪ್ಪ ಬಂದು ನೋಡಿದ್ದ. “ಹರಿದ್ರೆ ಅವಳೂ ಹರೀತಾಳೆ, ಸುಟ್ರೆ ಸುಡ್ತಾಳೆ. ಬಿಸಿಲಿಗೆ ಇಡಿ, ತಾನಾಗಿ ಮಾಸ್ಲಿ. ಇದರ ಮೇಲಿಂದ ಇನ್ನೊಂದು ತೆಗೆದ್ರೆ ಮಾಟ ಅದಕ್ಕೆ ದಾಟ್ತದೆ,” ಎಂದಿದ್ದ. ಪಡುವಣ ಕಿಟಕಿಯಲ್ಲಿಟ್ಟರು. ಚಿತ್ರದಲ್ಲಿ ಕಾಲು ಮಾಸಿತು, ಜಯಲತಾಳ ಕಾಲ್ಬೆರಳು ಅಲುಗಿತು. ಕೈ ಮಾಸಿತು, ಲೋಟ ಹಿಡಿದಳು. ಈಗ ಗಂಟಲ ಬಣ್ಣ ತಿಳಿಯಾಗುತ್ತಿತ್ತು. ಅವಳು ಒಂದೊಂದೇ ಮಾತು ಆಡತೊಡಗಿದ್ದಳು.

ಶಶಿಕಾಂತನಿಗೆ ನಗು ಬಂತು. ಕಲ್ಯಾಣದಲ್ಲಿ ಇಂಕು, ಫೋಟೋ ಕಾಗದ ಮಾರುವವನಿಗೆ ಮಾಸುವ ಚಿತ್ರದಲ್ಲಿ ಎಂಥ ಗುಟ್ಟು?

“ಅತ್ತಿ, ಇದು ಡೈ ಇಂಕ್ ರೀ. ನೀರಿನ್ಯಾಗ ಕರಗೋ ಬಣ್ಣ. ಅಗ್ಗದ ಕಾಗದ, ಮ್ಯಾಲೆ ಬಿಸಲು. ಮಾಸದ ಏನ್ ಮಾಡತೈತಿ? ಜಯಕ್ಕಗ ಆರಾಮ ಆಗಾಕತ್ತಿದ್ದು ಔಷಧದಿಂದ.”

ಪ್ರಫುಲ್ಲಾ ಕಿಟಕಿಯ ಗಾಜು ಒರೆಸಿದರು.

ಅವನಿಗೆ ಕೆಟ್ಟ ಬುದ್ಧಿಯೇನಿರಲಿಲ್ಲ. ಎಲ್ಲ ಬಲ್ಲೆನೆಂಬ ಹಮ್ಮಿತ್ತು, ಅದು ಕೆಟ್ಟ ಬುದ್ಧಿಗಿಂತ ಹೆಚ್ಚು ಮನೆ ಹಾಳು ಮಾಡುತ್ತದೆ. ಜಯಲತಾಳ ಹುಟ್ಟುಹಬ್ಬದ ಮಧ್ಯಾಹ್ನ, ಅತ್ತೆ ದೇವಸ್ಥಾನಕ್ಕೆ ಹೋದಾಗ, ಅವಳಿಗೆ ಉಡುಗೊರೆಯಾಗಲೆಂದು ಆ ಫೋಟೋವನ್ನು ಕಿಟಕಿಯಿಂದ ತೆಗೆದು ಸ್ಕ್ಯಾನ್ ಮಾಡಿದ. ಮಾಸಿದ ಸೀರೆಗೆ ಕಂಪ್ಯೂಟರಿನಲ್ಲಿ ಕೆಂಪು ತುಂಬಿದ. ಕೆನ್ನೆಗೆ ಕಳೆ ತಂದ. ಏಳು ತೂತನ್ನೂ ಮುಚ್ಚಿದ. ಹೊಳಪಿನ ಕಾಗದ ಬೇಡವೆಂದು ಆಮ್ಲವಿಲ್ಲದ ಹತ್ತಿ ಕಾಗದ ಆರಿಸಿದ. ಇಂಕು ಪಿಗ್ಮೆಂಟ್, ಕರಗದ ಬಣ್ಣದ ಪುಡಿ, ಬಿಸಿಲಿಗೂ ಜಗ್ಗದು. ಪೊಟ್ಟಣದ ಮೇಲೆ ನೂರು ವರ್ಷ ಎಂದೇ ಬರೆದಿತ್ತು.

ಕಂಪ್ಯೂಟರಿನಲ್ಲಿ ಬಣ್ಣ ಸರಿಯಾಗಿ ಕಾಣಲೆಂದು ಕಿಟಕಿಯ ಪರದೆ ಎಳೆದು ಕೋಣೆ ಕತ್ತಲೆ ಮಾಡಿಕೊಂಡಿದ್ದ. ಎಂಐಡಿಸಿ ಕಾರ್ಖಾನೆಗಳ ಹುಳಿ ವಾಸನೆ ಎಂದಿನಂತೆ ಇತ್ತು. ಅದರ ಅಡಿಯಿಂದ ಇನ್ನೊಂದು ಎದ್ದಿತು, ಸುಟ್ಟ ಕೂದಲಿನದು. ಅರ್ಧ ಚಿತ್ರ ಬಂದಾಗ ಕರೆಂಟು ಹೋಯಿತು. ಫ್ಯಾನು ನಿಂತಿತು. ಕಂಪ್ಯೂಟರ್ ಆರಿತು. ಪ್ರಿಂಟರ್ ನಿಲ್ಲಲಿಲ್ಲ.

ಕರ್ ಕರ್ ಎನ್ನುತ್ತ ಓಡುತ್ತಲೇ ಇತ್ತು. ಕಾಗದ ಹೊರಬಂತು. ಮುಟ್ಟಿದ. ಬೆಚ್ಚಗಿತ್ತು. ಪರದೆ ಸರಿಸಿದ. ಹೊಸ ಚಿತ್ರದಲ್ಲಿ ಏಳು ತೂತು. ಹಳೆಯದನ್ನು ಬೆಳಕಿಗೆ ಹಿಡಿದ. ಒಂದೂ ಇಲ್ಲ.

ಒಳಗೆ “ಮಾನಸಿ, ನೀ...” ಎಂದ ಜಯಲತಾಳ ದನಿ ಅಲ್ಲೇ ತುಂಡಾಯಿತು. ಲೋಟ ಬಿತ್ತು.

ಅಡಿಗೆಮನೆಯಿಂದ ಓಡಿಬಂದ ಮಾನಸಿ ಅಕ್ಕನನ್ನು ನೋಡಿದಳು, ಗಂಡನ ಕೈ ನೋಡಿದಳು. “ಕಾಯ್ ಕೇಲಸ್ ತೂ?” ಗಾಬರಿಗೆ ಶಾಲೆಯ ಮರಾಠಿಯೇ ಬಾಯಿಗೆ ಬಂತು. ಏನು ಮಾಡಿದೆ ನೀನು?

ಅವನು ಹೊಸ ಚಿತ್ರವನ್ನು ಹರಿಯಹೋದ. ಸೀರೆಯಂಚಿನ ಬಳಿ ಕೂದಲೆಳೆಯಷ್ಟು ಸೀಳಿತು. ಹಾಸಿಗೆಯಲ್ಲಿ ಜಯಲತಾಳ ಪಾದ ಬಾಯಿಬಿಟ್ಟಿತು. ರಕ್ತ. ಅವಳ ಬಾಯಿ ತೆರೆದೇ ಇತ್ತು. ಕೂಗು ಬರಲಿಲ್ಲ.

ಮುಂಡಪ್ಪ ಫೋನಿನಲ್ಲಿ ಬಯ್ಯಲಿಲ್ಲ. “ಈ ಬಣ್ಣ ಎಷ್ಟು ವರ್ಷ ಬರ್ತದೆ ಮಾರಾಯ್ರೆ?” ಎಂದು ಕೇಳಿದ.

“ನೂರು.”

“ಹಾಗಾದ್ರೆ ಅವಳಿಗೂ ನೂರು. ಅದು ಮಾಸುವವರೆಗೆ ಅವಳಿಗೆ ಸಾವೂ ಇಲ್ಲ.”

ಅದು ಎರಡು ಸಾವಿರದ ಒಂಬತ್ತು. ಪ್ರಫುಲ್ಲಾ ಮಗಳ ತಲೆ ಬಾಚುತ್ತಲೇ ಒಂದು ದಿನ ತೀರಿಕೊಂಡರು. ದಿವಾದ ಫ್ಲ್ಯಾಟಿಗೆ ಮಾನಸಿ ಒಬ್ಬಳೇ ಹೋದಳು. ಹತ್ತು ವರ್ಷದಿಂದ ಶಶಿಕಾಂತ ದಿನಾ ಮಧ್ಯಾಹ್ನ ಚಿತ್ರವನ್ನು ಪಡುವಣ ಕಿಟಕಿಯಲ್ಲಿಡುತ್ತಾನೆ. ಸಂಜೆ ಅಂಗಡಿಯ ಬಣ್ಣದ ಮಾದರಿ ಪಟ್ಟಿಯನ್ನು ಪಕ್ಕಕ್ಕೆ ಹಿಡಿದು, ಮಾಸಿದೆಯೇ ಎಂದು ನೋಡುತ್ತಾನೆ. ಕೆಂಪು ಕೆಂಪಾಗಿಯೇ ಇದೆ. ಹಾಸಿಗೆಯಿಂದ ಜಯಲತಾ ಅವನನ್ನೇ ನೋಡುತ್ತಿರುತ್ತಾಳೆ. ಕಣ್ಣಿಗೆ ಮಾತ್ರ ಸೂಜಿ ಬಿದ್ದಿರಲಿಲ್ಲ.