ಹೊಗೆಯಿಲ್ಲದ ಊದಿನಕಡ್ಡಿ

೨೦೫೮ರ ಫೆಬ್ರವರಿಯ ಒಂದು ಬೆಳಿಗ್ಗೆ ಗದಗಿನ ಶಾಲಾ ಶಿಕ್ಷಕಿಯೊಬ್ಬರು ಚಹಾ ಕುಡಿಯುತ್ತ ಫೋನಿನಲ್ಲಿ ಒಂದು ವೆಬ್‌ಸೈಟ್ ತೆರೆದರು. ಅದು ಮೈಸೂರಿನ ಮಂಡಿ ಮೊಹಲ್ಲಾದ ಸಣ್ಣದೊಂದು ಊದಿನಕಡ್ಡಿ ಕಾರ್ಖಾನೆಯದು. ಪರದೆಯ ಮೇಲೆ ಉರಿಯುವ ಕಡ್ಡಿಯ ಚಿತ್ರವಿತ್ತು. ಅದನ್ನು ಒತ್ತಿದಾಗ ಫೋನಿನ ಬೆನ್ನಿಗೆ ಅಂಟಿಸಿದ್ದ, ಬೆಂಕಿಪೊಟ್ಟಣದಷ್ಟು ದೊಡ್ಡ ಪೆಟ್ಟಿಗೆ ಸಣ್ಣಗೆ ಗುಂಯ್‌ಗುಟ್ಟಿತು. ಎರಡು ಕ್ಷಣ ಕಳೆದು ಅಡುಗೆಮನೆಯಲ್ಲಿ ಲಾವಂಚದ ತಂಪು ಹರಡಿತು. ಅದರ ಹಿಂದೆ ಶ್ರೀಗಂಧ, ಅದರ ಹಿಂದೆ ಹಾಲ್ಮಡ್ಡಿ ಅಂಟಿನ ಸಿಹಿ, ಎಲ್ಲಕ್ಕಿಂತ ಕೊನೆಗೆ ಗಂಟಲಿನ ಹಿಂಭಾಗದಲ್ಲಿ ಉಳಿಯುವಂಥ ಒಂದು ಸಣ್ಣ ಒಗರು. ದೇವರ ಮುಂದೆ ಕಡ್ಡಿ ಹಚ್ಚಿದ್ದು ಯಾರೆಂದು ಅವರ ಅತ್ತೆ ಒಳಗಿನಿಂದಲೇ ಕೇಳಿದರು. ಶಿಕ್ಷಕಿ ನಕ್ಕು, ಹನ್ನೆರಡು ಪೊಟ್ಟಣಕ್ಕೆ ಆರ್ಡರ್ ಹಾಕಿದರು.

ಆ ಆರ್ಡರು ಮೈಸೂರಿನ ಪರದೆಯ ಮೇಲೆ ಮೂಡಿದಾಗ ಅದನ್ನು ನೋಡುತ್ತ ಇಬ್ಬರು ಕುಳಿತಿದ್ದರು. ಒಬ್ಬರು ಕಾರ್ಖಾನೆಯ ಒಡತಿ ಸಿಂಚನಾ, ವಯಸ್ಸು ನಲವತ್ತೆಂಟು. ಇನ್ನೊಬ್ಬರು ಆ ಪೆಟ್ಟಿಗೆಯನ್ನು ಕಂಡುಹಿಡಿದ ರಸಾಯನ ವಿಜ್ಞಾನಿ, ಡಾಕ್ಟರ್ ತನ್ಮಯ್ ಕೋರಿಶೆಟ್ಟಿ. ಅದು ಮೊದಲನೆಯ ಆರ್ಡರು. ಮಧ್ಯಾಹ್ನದ ಊಟದ ಹೊತ್ತಿಗೆ ನಾನೂರು ಬಂದಿದ್ದವು.

ಗಂಧವಾಹಿ ಎಂದು ಕರೆಯಲಾದ ಆ ಯಂತ್ರದ ತತ್ವ ಸರಳ. ಮನುಷ್ಯನ ಮೂಗಿನಲ್ಲಿ ವಾಸನೆ ಹಿಡಿಯುವ ಸುಮಾರು ನಾನೂರು ಬಗೆಯ ಗ್ರಾಹಕಗಳಿವೆ. ಯಾವ ಗ್ರಾಹಕ ಎಷ್ಟು ಕೆರಳಿತು ಎಂಬ ಲೆಕ್ಕವನ್ನೇ ಮಿದುಳು ಮಲ್ಲಿಗೆ ಎಂದೋ ಮಣ್ಣು ಎಂದೋ ಓದುತ್ತದೆ. ತನ್ಮಯ್ ಅದೇ ಲೆಕ್ಕವನ್ನು ಅಳೆದು, ಅಂಕಿಗಳಾಗಿಸಿ, ಅಂತರ್ಜಾಲದಲ್ಲಿ ಕಳಿಸುವ ದಾರಿ ಕಂಡುಕೊಂಡಿದ್ದರು. ಆ ಕಡೆಯ ಪೆಟ್ಟಿಗೆಯಲ್ಲಿ ಎಪ್ಪತ್ತೆರಡು ಮೂಲಗಂಧಗಳ ಹನಿಗಳಿರುತ್ತಿದ್ದವು. ಬಂದ ಅಂಕಿಗೆ ತಕ್ಕಂತೆ ಅವು ಬೆರೆತು ಗಾಳಿಗೆ ಸೇರುತ್ತಿದ್ದವು. ಆದರೆ ಬೆರಕೆ ಸರಿಯಾಗಿದೆಯೇ ಎಂದು ಹೇಳಲು ಕೊನೆಗೆ ಒಂದು ನಿಜವಾದ ಮೂಗು ಬೇಕಿತ್ತು. ಆ ಮೂಗನ್ನು ಹುಡುಕುತ್ತ ಅವರು ಸಿಂಚನಾಳ ಬಾಗಿಲಿಗೆ ಬಂದಿದ್ದರು.

ಆಕೆಯ ತಂದೆ ಶಿವನಂಜಪ್ಪ 'ನಡುಮನೆ' ಎಂಬ ಊದಿನಕಡ್ಡಿ ಮಾಡುತ್ತಿದ್ದವರು. ಅದರ ಅಳತೆಯನ್ನು ಅವರು ಎಲ್ಲಿಯೂ ಬರೆದಿಡಲಿಲ್ಲ. ಮಗಳ ಮೂಗಿಗೆ ಕಲಿಸಿ ತೀರಿಕೊಂಡರು. ಆಕೆ ಎಂಟು ಹೆಂಗಸರನ್ನು ಇಟ್ಟುಕೊಂಡು ಅದನ್ನು ನಡೆಸಿಕೊಂಡು ಬಂದಳು. ಕಷ್ಟವಿದ್ದದ್ದು ಮಾರಾಟದಲ್ಲಿ. ಜನ ಅಂಗಡಿಗೆ ಬರುವುದನ್ನು ನಿಲ್ಲಿಸಿ ಎಷ್ಟೋ ವರ್ಷಗಳಾಗಿದ್ದವು. ಎಲ್ಲರಂತೆ ಆಕೆಯೂ ವೆಬ್‌ಸೈಟ್ ಮಾಡಿಸಿದಳು, ಸಾಮಾಜಿಕ ಜಾಲತಾಣಗಳಲ್ಲಿ ದಿನಕ್ಕೊಂದು ವಿಡಿಯೋ ಹಾಕಿದಳು. ಕಡ್ಡಿ ಹೊಸೆಯುವ ಕೈಗಳನ್ನು ತೋರಿಸಿದಳು, ಹಿನ್ನೆಲೆಗೆ ಕೊಳಲು ಹಾಕಿದಳು, ಹಬ್ಬಕ್ಕೆ ತಕ್ಕ ಶುಭಾಶಯ ಬರೆದಳು. ನೋಡಿದವರು ಒಂದು ಹೃದಯದ ಗುರುತು ಒತ್ತಿ ಮುಂದಕ್ಕೆ ಹೋಗುತ್ತಿದ್ದರು. ವಾಸನೆಯನ್ನು ಕಣ್ಣಿಗೆ ಮಾರುವುದು ಹೇಗೆಂದು ಆಕೆಗೆ ತಿಳಿಯಲಿಲ್ಲ.

ಹಾಗಾಗಿ ತನ್ಮಯ್ ಕೇಳಿದ್ದಕ್ಕೆ ಆಕೆ ಕೂಡಲೇ ಒಪ್ಪಿದಳು. ಹದಿನೆಂಟು ತಿಂಗಳು ವಾರಕ್ಕೆ ಮೂರು ದಿನ ಪ್ರಯೋಗಾಲಯಕ್ಕೆ ಹೋಗಿ, ಒಂದು ಕಡೆ ಉರಿಯುವ ಕಡ್ಡಿ, ಇನ್ನೊಂದು ಕಡೆ ಯಂತ್ರ ಇಟ್ಟುಕೊಂಡು, ಕಣ್ಣು ಮುಚ್ಚಿ ಕೂತಳು. ಹೆಚ್ಚು ಸಮಯ ತಿಂದದ್ದು ಆ ಒಗರು. ಕೊನೆಗೊಂದು ದಿನ ಆಕೆ ಎರಡರ ವ್ಯತ್ಯಾಸ ಹೇಳಲಾರದೆ ಹೋದಳು. ತನ್ಮಯ್ ಅಂದು ತಮ್ಮ ಸಹಾಯಕರಿಗೆಲ್ಲ ಮೈಸೂರು ಪಾಕ್ ಹಂಚಿದರು.

ಮೊದಲ ವರ್ಷ ಕನಸಿನಂತಿತ್ತು. ಗಂಧವಾಹಿ ಮನೆಮನೆಗೆ ಹೋಯಿತು, ಅದರ ಜೊತೆ 'ನಡುಮನೆ'ಯೂ ಹೋಯಿತು. ಎಂಟು ಹೆಂಗಸರು ಮೂವತ್ತೈದಾದರು. ಹಿಂದಿನ ಮನೆಯನ್ನೂ ಬಾಡಿಗೆಗೆ ಹಿಡಿದು ಅಲ್ಲಿ ಕಡ್ಡಿ ಒಣಗಿಸತೊಡಗಿದರು. ಅವರಲ್ಲಿ ಹಿರಿಯಳಾದ ರೇಣುಕಕ್ಕ ಶಿವನಂಜಪ್ಪನ ಕಾಲದಿಂದಲೂ ಹೊಸೆಯುತ್ತಿದ್ದವಳು. ಹೊಸಬರಿಗೆ ಕಲಿಸುವ ಕೆಲಸ ಅವಳದಾಯಿತು. ಅವಳಿಗೆ ಒಂದು ಎತ್ತರದ ಕುರ್ಚಿ ಬಂತು. ಅವಳು ಅದರಲ್ಲಿ ಒಂದು ದಿನವೂ ಕೂರಲಿಲ್ಲ.

ಈ ನಡುವೆ ತನ್ಮಯ್ ಅವರ ಆವಿಷ್ಕಾರವನ್ನು ದೊಡ್ಡ ಸಂಸ್ಥೆಯೊಂದು ಕೊಂಡಿತು. ಹಣಕ್ಕಿಂತ ಹೆಚ್ಚಾಗಿ, ತಾವೊಬ್ಬರೇ ಅದನ್ನು ಇಷ್ಟು ಮನೆಗೆ ಮುಟ್ಟಿಸಲಾರೆವೆಂಬ ಕಾರಣಕ್ಕೆ ಅವರು ಕೊಟ್ಟರು. ಸಂಸ್ಥೆ ಅದಕ್ಕೆ ಎರಡು ಗುಂಡಿ ಸೇರಿಸಿತು. ಒಂದು, ಇಷ್ಟವಾದ ವಾಸನೆಯನ್ನು ಉಳಿಸಿಕೊಳ್ಳುವುದು. ಇನ್ನೊಂದು, ಅದನ್ನು ಗೆಳೆಯರಿಗೆ ಹಂಚುವುದು.

ಎರಡನೆಯ ವರ್ಷದ ದಸರಾ ಹೊತ್ತಿಗೆ ಆರ್ಡರುಗಳು ಅರ್ಧಕ್ಕಿಳಿದವು. ಸಿಂಚನಾ ಮೊದಲು ಅದನ್ನು ಮಳೆಯ ಮೇಲೆ ಹಾಕಿದಳು, ಆಮೇಲೆ ಸಾಗಣೆಯವರ ಮೇಲೆ. ನಿಜವಾದ ಕಾರಣ ಒಂದು ಮೆಚ್ಚುಗೆಯ ಸಂದೇಶದಲ್ಲಿ ಸಿಕ್ಕಿತು. ಕಲಬುರಗಿಯ ಮಹಿಳೆಯೊಬ್ಬರು ತುಂಬು ಮನಸ್ಸಿನಿಂದ ಬರೆದಿದ್ದರು: ನಿಮ್ಮ ಪರಿಮಳವಿಲ್ಲದೆ ನಮ್ಮ ಮನೆಯಲ್ಲಿ ಬೆಳಗಾಗುವುದೇ ಇಲ್ಲ, ದಿನಾ ಆರು ಗಂಟೆಗೆ ಪೆಟ್ಟಿಗೆ ತಾನಾಗಿಯೇ ಅದನ್ನು ಹಾಕುತ್ತದೆ, ಹೊಗೆಯಿಲ್ಲ, ಬೂದಿಯಿಲ್ಲ, ಮಗುವಿಗೆ ಕೆಮ್ಮಿಲ್ಲ, ನಿಮಗೆ ದೇವರು ಒಳ್ಳೆಯದು ಮಾಡಲಿ. ಆಕೆ ಹಿಂದೆ ಯಾವಾಗಲಾದರೂ ಕಡ್ಡಿ ಕೊಂಡಿದ್ದರೇ ಎಂದು ಸಿಂಚನಾ ಹುಡುಕಿದಳು. ಕೊಂಡಿರಲಿಲ್ಲ. ಆ ದಿನ ಸಿಂಚನಾಳ ಪುಟವನ್ನು ಮೆಚ್ಚಿದವರು ಎಪ್ಪತ್ತು ಲಕ್ಷ. ಅಂದು ಬಂದ ಆರ್ಡರು ಹನ್ನೊಂದು.

ಆಕೆ ತನ್ನ ಪುಟದಿಂದ ಪರಿಮಳವನ್ನು ತೆಗೆದುಹಾಕಿದಳು. ಅದರಿಂದ ಏನೂ ಆಗಲಿಲ್ಲ. ಅದು ಆಗಲೇ ಲಕ್ಷಾಂತರ ಫೋನುಗಳಲ್ಲಿತ್ತು. ಸಂಸ್ಥೆಗೆ ಬರೆದಳು. ಸ್ವಯಂಚಾಲಿತ ಉತ್ತರ ಅಚ್ಚುಕಟ್ಟಾದ ಕನ್ನಡದಲ್ಲಿ ಬಂತು: ನಿಮ್ಮ ಪರಿಮಳ ದೇಶದ ಮೊದಲ ನೂರರಲ್ಲಿದೆ, ಅಭಿನಂದನೆಗಳು. ಮತ್ತೆ ಬರೆದಳು, ಮತ್ತೆ ಅದೇ ಬಂತು. ವಕೀಲರನ್ನು ಕೇಳಿದಾಗ, ಕಡ್ಡಿಗೆ ಹಚ್ಚುವ ಮಸಾಲೆಯ ಸೂತ್ರಕ್ಕೆ ಹಕ್ಕು ಪಡೆಯಬಹುದು, ಗಾಳಿಯಲ್ಲಿರುವ ವಾಸನೆಗೆ ಈ ಕಾನೂನಿನಲ್ಲಿ ಒಡೆಯರಿಲ್ಲ ಎಂದರು. ಸೂತ್ರವೋ, ಬರೆದಿಟ್ಟದ್ದೇ ಇರಲಿಲ್ಲ.

ಮೂವತ್ತೈದು ಜನ ಇಪ್ಪತ್ತಾದರು, ಇಪ್ಪತ್ತು ಹತ್ತಾಯಿತು. ಕೆಲಸ ಬಿಡಿಸುವ ಮಾತನ್ನು ಸಿಂಚನಾ ಪ್ರತಿಯೊಬ್ಬರಿಗೂ ತಾನೇ ಹೇಳಿದಳು. ಯಾರೂ ಜಗಳ ಮಾಡಲಿಲ್ಲ. ಅವರಲ್ಲಿ ಕೆಲವರ ಮನೆಯಲ್ಲೂ ಆ ಪೆಟ್ಟಿಗೆ ಇತ್ತು ಎಂಬುದು ಆಕೆಗೆ ಗೊತ್ತಿತ್ತು.

ಮುಂದಿನ ಪೆಟ್ಟು ಬಿದ್ದದ್ದು ನಾಲ್ಕನೆಯ ವರ್ಷ. ಒಂದು ಮಧ್ಯಾಹ್ನ ಶಿವಮೊಗ್ಗದಿಂದ ಚಿರಂತನ್ ಎಂಬ ಮೂವತ್ತರ ಆಸುಪಾಸಿನ ಬ್ಯಾಂಕ್ ನೌಕರ ಅಂಗಡಿ ಹುಡುಕಿಕೊಂಡು ಬಂದ. ಅಂಗಡಿಗೆ ಗಿರಾಕಿ ಬಂದು ಎಷ್ಟು ದಿನವಾಗಿತ್ತೆಂದರೆ ಸಿಂಚನಾ ಕುರ್ಚಿಯ ಧೂಳು ಒರೆಸಿ ಕೂರಿಸಬೇಕಾಯಿತು. ತಾಯಿ ತೀರಿಕೊಂಡು ವರ್ಷವಾಯಿತೆಂದೂ, ಅವರಿಗೆ 'ನಡುಮನೆ' ಪರಿಮಳವೆಂದರೆ ಪ್ರಾಣವಾಗಿತ್ತೆಂದೂ, ಆಸ್ಪತ್ರೆಯಲ್ಲಿ ಕೂಡ ದಿಂಬಿನ ಬದಿಗೆ ಪೆಟ್ಟಿಗೆ ಇಟ್ಟುಕೊಂಡಿದ್ದರೆಂದೂ ಅವನು ಹೇಳಿದ. ವರ್ಷಾಬ್ದಿಕಕ್ಕೆ ಯಂತ್ರದ ವಾಸನೆ ಬೇಡ, ನಿಜವಾದ ಕಡ್ಡಿಯೇ ಬೇಕೆಂದು ಅಷ್ಟು ದೂರದಿಂದ ಬಂದಿದ್ದ.

ಸಿಂಚನಾಳಿಗೆ ಕಣ್ಣು ತುಂಬಿಬಂತು. ಹೊಸ ಪೊಟ್ಟಣ ಒಡೆದು ಒಂದು ಕಡ್ಡಿ ಹಚ್ಚಿ ಅವನ ಮುಂದಿಟ್ಟಳು. ಅವನು ಕಣ್ಣು ಮುಚ್ಚಿ ಉಸಿರೆಳೆದುಕೊಂಡ. ಮತ್ತೊಮ್ಮೆ ಎಳೆದುಕೊಂಡ. ಹುಬ್ಬು ಗಂಟಿಕ್ಕಿತು. ಬೇರೆ ಪೊಟ್ಟಣ ಇದೆಯೇ ಎಂದು ಸಂಕೋಚದಿಂದ ಕೇಳಿದ. ಇನ್ನೊಂದು ಹಚ್ಚಿದಳು. ಅವನು ಅದನ್ನೂ ಬಗ್ಗಿ ಮೂಸಿದ.

"ಬೇಜಾರು ಮಾಡ್ಕೋಬೇಡಿ ಮೇಡಂ. ಇದು ಅದಲ್ಲ," ಎಂದ.

"ನಲವತ್ತು ವರ್ಷದಿಂದ ಇದೇ ಮಾಡ್ತಿರೋದು ನಾವು. ನಡುಮನೆ ಅಂದ್ರೆ ಇದೇ."

ಅವನು ವಾದಿಸಲಿಲ್ಲ. ಫೋನು ತೆಗೆದು, ತಾಯಿ ಉಳಿಸಿಟ್ಟುಕೊಂಡಿದ್ದ ಪರಿಮಳವನ್ನು ಒತ್ತಿ ಆಕೆಯ ಮುಂದೆ ಹಿಡಿದ. ಲಾವಂಚ ಇತ್ತು, ಶ್ರೀಗಂಧ ಇತ್ತು. ಸಿಹಿ ಎರಡರಷ್ಟಾಗಿತ್ತು, ಹಾಲು ಕಾಯಿಸಿದಂಥ, ಏಲಕ್ಕಿ ಬಿದ್ದಂಥ ಒಂದು ಮೃದುತನ ಎಲ್ಲವನ್ನೂ ಮುಚ್ಚಿಕೊಂಡಿತ್ತು. ಒಗರು ಇರಲೇ ಇಲ್ಲ. "ನಮ್ಮಮ್ಮನ ಕೋಣೆ ಹೀಗಿತ್ತು," ಎಂದ ಅವನು. ಕಡ್ಡಿ ಕೊಳ್ಳದೆ, ಕ್ಷಮೆ ಕೇಳಿ ಹೊರಟುಹೋದ. ಅವನು ಹೋದಮೇಲೆ ಸಿಂಚನಾ ಎರಡೂ ಕಡ್ಡಿ ಪೂರ್ತಿ ಉರಿದು ಮುಗಿಯುವವರೆಗೆ ಅಲ್ಲೇ ಕೂತಿದ್ದಳು.

ಮಾರನೆಯ ದಿನ ಆಕೆ ತನ್ಮಯ್ ಅವರ ಮನೆಗೆ ಹೋದಳು. ಅವರು ಅಷ್ಟರಲ್ಲಿ ಸಂಸ್ಥೆಯಿಂದ ಹೊರಬಂದು ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದರು. ಆಕೆ ಹೇಳಿದ್ದನ್ನೆಲ್ಲ ಕೇಳಿ, ತಲೆ ತಗ್ಗಿಸಿ, ನಿಧಾನವಾಗಿ ವಿವರಿಸಿದರು. ಪೆಟ್ಟಿಗೆಯಲ್ಲಿ ಉಸಿರು ಅಳೆಯುವ ಒಂದು ಸೂಕ್ಷ್ಮ ಸಾಧನವಿತ್ತು. ವಾಸನೆ ಎಷ್ಟು ಬಿಡಬೇಕೆಂದು ತಿಳಿಯಲು ತಾವೇ ಇಟ್ಟದ್ದು. ಸಂಸ್ಥೆ ಅದನ್ನು ಬೇರೆ ಕೆಲಸಕ್ಕೆ ಹಚ್ಚಿತು. ಯಾವ ಗಂಧಕ್ಕೆ ಜನ ಉಸಿರನ್ನು ಉದ್ದ ಎಳೆದುಕೊಳ್ಳುತ್ತಾರೆ, ಯಾವುದಕ್ಕೆ ಮೂಗು ಹಿಂದೆಗೆಯುತ್ತಾರೆ ಎಂದು ಯಂತ್ರ ಗಮನಿಸಿ, ಪ್ರತಿ ಸಲ ಹಂಚುವಾಗಲೂ ಅಂಕಿಗಳನ್ನು ಒಂದು ಕೂದಲೆಳೆಯಷ್ಟು ತಿದ್ದುತ್ತಿತ್ತು. ಒಂದು ತಿದ್ದುಪಡಿ ಯಾರಿಗೂ ಗೊತ್ತಾಗುವಂಥದ್ದಲ್ಲ. ಕೋಟಿ ತಿದ್ದುಪಡಿಗಳ ನಂತರ ಅದು ಬೇರೆಯದೇ ವಸ್ತು.

"ಹಳೇದನ್ನ ವಾಪಸ್ ಹಾಕ್ಸೋಕೆ ಆಗಲ್ವಾ ಡಾಕ್ಟ್ರೇ? ನಾನು ಹದಿನೆಂಟು ತಿಂಗಳು ಕೂತು ಹೇಳಿದ್ದು ನಿಮ್ಮ ಹತ್ರ ಇರಬೇಕಲ್ಲ."

"ಆ ದಾಖಲೆ ಸಂಸ್ಥೆಗೆ ಹೋಯ್ತು. ಅಲ್ಲಿ ಅದನ್ನ ಇಟ್ಟಿದ್ದಾರೋ ಇಲ್ವೋ ಗೊತ್ತಿಲ್ಲ, ಕೇಳಿದ್ರೆ ಉತ್ತರ ಕೊಡೋರಿಲ್ಲ. ನಂಗೂ ಅದೇ ಅಭಿನಂದನೆ ಬರುತ್ತೆ ಮೇಡಂ."

ಆಕೆ ಚೀಲದಿಂದ ಒಂದು ಕಡ್ಡಿ ತೆಗೆದು ಹಚ್ಚಿದಳು. ತನ್ಮಯ್ ಮೂಸಿದರು. ಅವರ ಮುಖದಲ್ಲಿ ಕಂಡದ್ದು ಚಿರಂತನ್‌ನ ಮುಖದಲ್ಲಿ ಕಂಡದ್ದೇ. ಅವರು ಅದನ್ನು ಮರೆಮಾಚಲು ಪ್ರಯತ್ನಿಸಿದರು, ಆಗಲಿಲ್ಲ.

ಆ ತಿಂಗಳಿನಿಂದ ದೂರುಗಳು ಶುರುವಾದವು. ಹಬ್ಬಕ್ಕೆಂದು ಅಪರೂಪಕ್ಕೆ ಕಡ್ಡಿ ತರಿಸಿಕೊಂಡವರು ಇದು ನಕಲಿ ಎಂದು ಬರೆದರು. ಒಂದು ನಕ್ಷತ್ರ, ಒಂದು ನಕ್ಷತ್ರ, ಮತ್ತೆ ಒಂದು ನಕ್ಷತ್ರ. ಸಂಸ್ಥೆಯ ಯಂತ್ರ ಆಕೆಯ ಕಡ್ಡಿಯನ್ನು ತರಿಸಿ ಅಳೆದು, ಪ್ರಸಿದ್ಧ 'ನಡುಮನೆ' ಪರಿಮಳವನ್ನು ಇದು ಶೇಕಡಾ ಅರವತ್ತೊಂದರಷ್ಟು ಮಾತ್ರ ಹೋಲುತ್ತದೆಂದು ತೀರ್ಮಾನಿಸಿತು. ಮೂವತ್ತು ದಿನದಲ್ಲಿ ಸರಿಪಡಿಸದಿದ್ದರೆ ಆ ಹೆಸರು ಬಳಸುವಂತಿಲ್ಲ ಎಂಬ ನೋಟಿಸು ಬಂತು.

ಸಿಂಚನಾ ಇಪ್ಪತ್ತಾರು ದಿನ ಏನೂ ಮಾಡಲಿಲ್ಲ. ಇಪ್ಪತ್ತೇಳನೆಯ ದಿನ ಫೋನನ್ನು ಮಸಾಲೆ ಕಲಸುವ ತಟ್ಟೆಯ ಪಕ್ಕ ಇಟ್ಟುಕೊಂಡು ಕೂತಳು. ಆ ಪರಿಮಳವನ್ನು ಒತ್ತುವುದು, ಮೂಸುವುದು, ಕಲಸುವುದು. ಹಾಲ್ಮಡ್ಡಿ ಹೆಚ್ಚಿಸಿದಳು, ಏಲಕ್ಕಿ ಎಣ್ಣೆ ಹಾಕಿದಳು, ಒಗರು ಕೊಡುತ್ತಿದ್ದ ಕಚೋರವನ್ನು ಪೂರ್ತಿ ಬಿಟ್ಟಳು. ಹಿಂದೆ ಯಂತ್ರಕ್ಕೆ ಕಲಿಸಿದ ಮೂಗು ಈಗ ಯಂತ್ರದಿಂದ ಕಲಿಯುತ್ತಿತ್ತು. ಮೂರು ದಿನದಲ್ಲಿ ಎರಡೂ ಒಂದೇ ಆದವು. ಅವಳು ನಿಜವಾಗಿಯೂ ಚತುರೆ.

ಹೊಸ ಮಸಾಲೆಯ ಮೊದಲ ಉಂಡೆ ಕೈಗೆ ಬಂದಾಗ ರೇಣುಕಕ್ಕ ಅದನ್ನು ಮೂಗಿನ ಹತ್ತಿರ ಹಿಡಿದು ಸಿಂಚನಾಳ ಕಡೆ ನೋಡಿದಳು. "ಏನವ್ವ ಇದು," ಎಂದಷ್ಟೇ ಕೇಳಿದಳು. ಉಳಿದ ಒಂಬತ್ತು ಮಂದಿ ಕಾಯುತ್ತಿದ್ದರು. ರೇಣುಕಕ್ಕ ಮಣೆ ಎಳೆದುಕೊಂಡು ಹೊಸೆಯತೊಡಗಿದಳು.

ಎರಡು ತಿಂಗಳು ಕಳೆದು ಒಂದು ಸಂಜೆ ತನ್ಮಯ್ ಬಂದರು. ಕಡ್ಡಿಯ ಹೆಸರು ಉಳಿದಿತ್ತು, ಆರ್ಡರುಗಳು ನಿಧಾನವಾಗಿ ಏರುತ್ತಿದ್ದವು. ಅವರು ಬಾಗಿಲಲ್ಲೇ ನಿಂತು, ಎಲ್ಲದಕ್ಕೂ ನಾನೇ ಕಾರಣ, ಆ ಯಂತ್ರ ಮಾಡದಿದ್ದರೆ ನಿಮ್ಮಪ್ಪನ ಪರಿಮಳ ಉಳಿಯುತ್ತಿತ್ತು ಎಂದರು. ಸಿಂಚನಾ ಒಳಗೆ ಬಂದು ಕೂರಲು ಹೇಳಿದಳು. ಆಮೇಲೆ, ಯಾರಿಗೂ ಹೇಳಿರದ ಒಂದು ಸಂಗತಿಯನ್ನು ಹೇಳಿದಳು.

ಅದು ೨೦೨೫. ಆಕೆ ಆಗ ಹತ್ತನೇ ಕ್ಲಾಸು. ಅಂಗಡಿಗೆ ಜನ ಕಡಿಮೆಯಾಗುತ್ತಿದ್ದಾರೆಂದು ಅಪ್ಪ ಕೊರಗುತ್ತಿದ್ದಾಗ, ಅವರ ಫೋನಿನಲ್ಲಿ ಒಂದು ಪುಟ ತೆರೆದುಕೊಟ್ಟು ಕಡ್ಡಿಗಳ ಫೋಟೊ ಹಾಕಿದ್ದು ಆಕೆಯೇ. ಕಡ್ಡಿಗಳು ಕಪ್ಪಗಿದ್ದವು. ಫೋಟೊದಲ್ಲಿ ಒಣಗಿದ ಪುರಲೆ ಕಡ್ಡಿಯಂತೆ ಕಾಣುತ್ತಿದ್ದವು. ಯಾರೂ ನೋಡಲಿಲ್ಲ. ಬಣ್ಣ ಇದ್ದರೆ ಚೆನ್ನಾಗಿ ಕಾಣುತ್ತದೆಂದು ಆಕೆ ಹೇಳಿದಳು. ಅಪ್ಪ ಮಸಾಲೆಗೆ ಕೇಸರಿ ಬಣ್ಣ ಬೆರೆಸಿ ನೋಡಿದರು. ಕಪ್ಪಿನಲ್ಲಿ ಅದು ಎದ್ದು ಕಾಣಲಿಲ್ಲ. ಕಪ್ಪು ಬರುತ್ತಿದ್ದುದು ಒಂದು ಬೇರಿನ ಪುಡಿಯಿಂದ. ಎರಡು ದಿನ ಯೋಚಿಸಿ, ಅವರು ಆ ಬೇರನ್ನು ಹಾಕುವುದನ್ನೇ ಬಿಟ್ಟರು. ಮುಂದೆ ಮಗಳ ಮೂಗಿಗೆ ಕಲಿಸಿದ್ದೂ ಆ ಬೇರಿಲ್ಲದ ಮಸಾಲೆಯನ್ನೇ. ಮುಂದಿನ ಫೋಟೊಗೆ ಆರು ನೂರು ಮೆಚ್ಚುಗೆ ಬಂದವು. ಮನೆಯಲ್ಲಿ ಪಾಯಸ ಮಾಡಿದರು.

"ಯಾವ ಬೇರು?" ಎಂದು ತನ್ಮಯ್ ಕೇಳಿದರು.

"ಕೇಳ್ಕೊಳ್ಳೇ ಇಲ್ಲ ಡಾಕ್ಟ್ರೇ. ಆರ್ಡರ್ ಬರ್ತಿತ್ತಲ್ಲ, ಎಲ್ರೂ ಖುಷಿಯಾಗಿದ್ವಿ. ಅಪ್ಪ ಮಾತ್ರ ಆಮೇಲೆ ತಾವೇ ಮಾಡಿದ ಕಡ್ಡೀನ ಮನೇಲಿ ಹಚ್ತಿರಲಿಲ್ಲ. ಯಾಕೆ ಅಂತ ನಂಗೆ ಆಗ ಹೊಳೀಲೇ ಇಲ್ಲ."