ಕತ್ತಲೆ ಮನೆಯ ರೇಡಿಯೋ

"ನಮಸ್ಕಾರ. ಇವತ್ತಿನ ಮುಖ್ಯ ಸಮಾಚಾರ" ಎಂದಳು ರೇಡಿಯೋ. ಸುತ್ತಲಿದ್ದ ಸೇವಂತಿಗೆ ಗಿಡಗಳು ಸುಮ್ಮನೆ ಕೇಳಿಸಿಕೊಂಡವು.

"ಒಂದನೇ ಸಮಾಚಾರ. ಸೈನ್ಸ್ ಪ್ರಾಜೆಕ್ಟಿಗೆ ಮೂರ್ಮೂರು ಜನ ಗ್ರೂಪ್ ಮಾಡ್ಕೊಳ್ಳಿ ಅಂದ್ರು ಮಿಸ್ಸು. ಕ್ಲಾಸಲ್ಲಿ ನಾವು ಮೂವತ್ತೊಂದು ಜನ. ಲೆಕ್ಕ ಹಾಕಿ, ಒಬ್ರು ಉಳೀತಾರೆ. ಯಾರು ಉಳಿದ್ರು ಅಂತ ನಾನು ಹೇಳಲ್ಲ. ನೀವೇ ಊಹೆ ಮಾಡಿ."

ಊಹೆ ಮಾಡಲು ಅವಳು ಸ್ವಲ್ಪ ಹೊತ್ತು ಕೊಟ್ಟಳು. ಗಿಡಗಳು ಮರ್ಯಾದಸ್ಥರು, ಗೊತ್ತಿದ್ದರೂ ಬಾಯಿ ಬಿಡಲಿಲ್ಲ.

"ಎರಡನೇ ಸಮಾಚಾರ. ನಮ್ಮ ಬೀದಿಯ ಟೀಮು ಇವತ್ತೂ ಫುಲ್ಲು. ಇನ್ನು ಹವಾಮಾನ. ಒಳಗೆ ಸೆಖೆ. ಹೊರಗಿಂದು ಗೊತ್ತಿಲ್ಲ."

ಅವಳ ನಿಜವಾದ ಹೆಸರು ಶಾಲೆಯ ಹಾಜರಿ ಪುಸ್ತಕದಲ್ಲಿದೆ. ರೇಡಿಯೋ ಎಂದು ಕರೆದದ್ದು ಅಪ್ಪ. ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಶುರು ಮಾಡಿದರೆ ನಿದ್ದೆ ಬರುವ ತನಕ ಮಾತೇ ಮಾತು, ಅರಳು ಹುರಿದ ಹಾಗೆ. ಅಪ್ಪ ಹಡಗಿನಲ್ಲಿ ಅಡುಗೆಯವರು, ಮನೆಗೆ ಬರುವುದು ವರ್ಷಕ್ಕೊಮ್ಮೆ. ಆದರೂ ಹಳೇ ಊರಿನಲ್ಲಿ ಆ ಹೆಸರು ನಿಂತುಬಿಟ್ಟಿತ್ತು. ಹಾಲಿನವನೂ ಅವಳನ್ನು ರೇಡಿಯೋ ಎಂದೇ ಕರೆಯುತ್ತಿದ್ದ.

ಈ ಹೊಸ ಊರಿನಲ್ಲಿ ಆ ಹೆಸರು ಅಮ್ಮನನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಶಾಲೆಯಲ್ಲಿ ಇಡೀ ದಿನ ಅವಳು ಆಡುವ ಮಾತು ಒಂದೇ. "ಪ್ರೆಸೆಂಟ್ ಮಿಸ್." ಆಡದೆ ಉಳಿದ ಮಾತೆಲ್ಲ ಎಲ್ಲಿಗೆ ಹೋಗಬೇಕು ಹೇಳಿ? ಅದಕ್ಕೇ ಅವಳು ಸಂಜೆ ಹೊತ್ತು ಇಲ್ಲಿಗೆ, ಕತ್ತಲೆ ಮನೆಗೆ, ಬರುತ್ತಾಳೆ.

ಕತ್ತಲೆ ಮನೆ ಎಂದರೆ ಹೆದರಬೇಡಿ. ಅದು ಅಮ್ಮ ಕೆಲಸ ಮಾಡುವ ಹೂವಿನ ಸಂಶೋಧನಾ ಕೇಂದ್ರದ ಉದ್ದನೆಯ ಗಿಡದ ಮನೆ. ಅವರು ಇರುವ ಕ್ವಾರ್ಟರ್ಸಿನ ಹಿಂದೆಯೇ ಇದೆ. ಹಗಲೆಲ್ಲ ಒಳಗೆ ಒಳ್ಳೆಯ ಬಿಸಿಲು. ಸಂಜೆ ಐದಾಯಿತೆಂದರೆ, ಹೊರಗೆ ಇನ್ನೂ ಬೆಳಕಿರುವಾಗಲೇ, ಕೆಲಸದವರು ಅದರ ಮೇಲೆ ದಪ್ಪನೆಯ ಕರಿಬಟ್ಟೆ ಎಳೆದು ಮನೆಗೆ ಹೊರಡುತ್ತಾರೆ. ಆಮೇಲೆ ಒಳಗೆ ಕಗ್ಗತ್ತಲು.

ಅದು ಯಾಕೆಂದು ಅಮ್ಮ ಮೊದಲನೇ ದಿನವೇ ಹೇಳಿಕೊಟ್ಟಿದ್ದಳು. "ಸೇವಂತಿಗೆಗೆ ನಿದ್ದೆ ಜಾಸ್ತಿ ಕಣೇ. ರಾತ್ರಿ ಉದ್ದ ಇದ್ರೆ ಮಾತ್ರ ಮೊಗ್ಗು ಬಿಡೋದು. ಬೇಸಿಗೇಲಿ ರಾತ್ರಿ ಚಿಕ್ಕದು, ಅದಕ್ಕೆ ಸಾಲಲ್ಲ. ನಾವು ಬಟ್ಟೆ ಮುಚ್ಚಿ ಉದ್ದ ರಾತ್ರಿ ಮಾಡಿಕೊಡ್ತೀವಿ. ಆಗ ಯಾರ ತೋಟದಲ್ಲೂ ಹೂವಿಲ್ಲದಾಗ ನಮ್ಮದು ಅರಳುತ್ತೆ. ಒಳಗೆ ಹೋಗೋರು ಬಿಸಿಲು ನುಗ್ಗದ ಹಾಗೆ ನೋಡ್ಕೋಬೇಕು. ಮೊದಲನೇ ಬಾಗಿಲು ಮುಚ್ಚಿದ ಮೇಲೇನೇ ಎರಡನೇದು ತೆಗೆಯೋದು."

ಈ ನಿಯಮವನ್ನು ರೇಡಿಯೋ ಕೆಲಸದವರಿಗಿಂತ ಚೆನ್ನಾಗಿ ಪಾಲಿಸಿದಳು. ಮೊದಲನೇ ಬಾಗಿಲು ಮುಚ್ಚಿ, ಸಂದಿಯಲ್ಲಿ ಕಣ್ಣಿಟ್ಟು ನೋಡಿ, ಒಂದೆಳೆ ಬಿಸಿಲೂ ಇಲ್ಲವೆಂದು ಗಟ್ಟಿ ಮಾಡಿಕೊಂಡೇ ಎರಡನೆಯದನ್ನು ತೆಗೆಯುತ್ತಿದ್ದಳು. ಒಳಗೆ ಬಂದ ಮೇಲೆ ತನ್ನ ಚಾರ್ಜರ್ ಲೈಟು ಹಚ್ಚಿಕೊಳ್ಳುತ್ತಿದ್ದಳು, ಅಷ್ಟೇ. ಹೋಮ್‌ವರ್ಕ್ ಮಾಡಲು ಬೆಳಕು ಬೇಡವೇ? ಲೈಟು ಏನು ಸೂರ್ಯನೇ?

ನಡುವಿನ ದಾರಿಯಲ್ಲಿ, ಒಂದು ಕಂಬದ ಪಕ್ಕ, ಪ್ಲಾಸ್ಟಿಕ್ ಕ್ರೇಟೊಂದನ್ನು ಯಾರೋ ಬೋರಲು ಹಾಕಿಟ್ಟಿದ್ದರು. ಮೇಲೆ ಮಡಿಸಿದ ನ್ಯೂಸ್‌ಪೇಪರು. ಬುಡದಲ್ಲಿ ಒಣಗಿದ ಕಿತ್ತಳೆ ಸಿಪ್ಪೆ, ಸುರುಳಿ ಸುತ್ತಿಕೊಂಡು ಬಿದ್ದಿತ್ತು. ಯಾರೋ ಕೆಲಸದವರು ಕೂರುವ ಜಾಗ ಎಂದುಕೊಂಡಳು ರೇಡಿಯೋ. ಸಂಜೆ ಅವರಾರೂ ಇರುವುದಿಲ್ಲವಲ್ಲ, ಅದು ಅವಳ ಸ್ಟುಡಿಯೋ ಆಯಿತು.

ಕ್ರೇಟಿನ ಎರಡೂ ಬದಿಯ ಪಾತಿಗಳಲ್ಲಿ ಇದ್ದದ್ದು ಹದಿನೇಳು ಎಂಬ ತಳಿ. ಹೊಸ ತಳಿ ಪರೀಕ್ಷೆಯಲ್ಲಿ ಪಾಸಾಗುವ ತನಕ ಅದಕ್ಕೆ ಹೆಸರಿಡುವುದಿಲ್ಲ, ಬರೀ ನಂಬರು. ಹದಿನೇಳನ್ನು ಅಮ್ಮನೇ ಎರಡು ಜಾತಿಯ ಸೇವಂತಿಗೆ ಕೂಡಿಸಿ ಮಾಡಿದ್ದಳು. ರೇಡಿಯೋ ಅಂಗನವಾಡಿಗೆ ಹೋಗುತ್ತಿದ್ದ ಕಾಲದಿಂದ ಅಮ್ಮ ಅದರ ಹಿಂದೆ ಬಿದ್ದಿದ್ದಾಳೆ.

"ಪಾಸಾದ್ರೆ ಹೆಸರಿಡೋ ಕೆಲಸ ನಿಂದು" ಎಂದು ಅಮ್ಮ ಮಾತು ಕೊಟ್ಟಿದ್ದಳು.

ಅಮ್ಮ ಮೈಕ್ರೋಸ್ಕೋಪಿನ ಮುಂದೆ ಕೂತರೆ ಮನೆಗೆ ಬರುವುದು ಊಟದ ಹೊತ್ತಿಗೇ. ಅವತ್ತೂ ಹಾಗೇ ಬಂದಳು. ಊಟವಾದ ಮೇಲೆ ಕಿತ್ತಳೆ ಹಣ್ಣು ಸುಲಿಯುತ್ತ ಕೇಳಿದಳು, "ಇವತ್ತು ಏನಾಟ ಆಡಿದ್ರಿ?"

"ಕಣ್ಣಾಮುಚ್ಚಾಲೆ. ಹಲ್ಲಿಗೆ ತಂತಿ ಹಾಕ್ಸಿದಾಳಲ್ಲ, ಅವಳು ನಾನು ಅವಳ ಜೊತೆಗೇ ಬಚ್ಚಿಟ್ಕೋಬೇಕು ಅಂತ ಒಂದೇ ಹಠ."

ಇದು ಹಸಿ ಸುಳ್ಳು. ಹಲ್ಲಿಗೆ ತಂತಿ ಹಾಕಿಸಿದವಳು ಬೀದಿಯಲ್ಲಿ ಇರುವುದು ನಿಜ, ಆಡುವುದೂ ನಿಜ. ಆದರೆ ರೇಡಿಯೋ ಅಲ್ಲಿ ಇರಲಿಲ್ಲ. ಈ ಊರಿಗೆ ಬಂದ ಹೊಸತರಲ್ಲಿ ಒಂದು ಸಲ, "ನನ್ನ ಯಾರೂ ಸೇರಿಸ್ಕೊಳ್ಳಲ್ಲ ಅಮ್ಮ" ಎಂದು ಅವಳು ಹೇಳಿಬಿಟ್ಟಿದ್ದಳು. ಆ ರಾತ್ರಿ ಅಮ್ಮ ತಟ್ಟೆಯಲ್ಲಿ ಬೆರಳಾಡಿಸುತ್ತ ಕೂತಳೇ ಹೊರತು ಒಂದು ತುತ್ತೂ ತಿನ್ನಲಿಲ್ಲ. ಅದನ್ನು ನೋಡಿದ ಮೇಲೆ ರೇಡಿಯೋ ಬರೀ ಒಳ್ಳೆಯ ಸಮಾಚಾರ ಕೊಡತೊಡಗಿದಳು.

"ನಮ್ಮಲ್ಲೂ ಹಾಗೇ ಕಣೇ" ಎಂದಳು ಅಮ್ಮ. "ಮಧ್ಯಾಹ್ನ ಎಲ್ಲರೂ ಒಂದೇ ಟೇಬಲ್ಲಲ್ಲಿ ಊಟ. ಗಲಾಟೆಯೋ ಗಲಾಟೆ. ನನಗೆ ಬಾಯಿ ಹಾಕೋಕೇ ಜಾಗ ಇರಲ್ಲ."

ಅಮ್ಮ ಸುಲಿದರೆ ಕಿತ್ತಳೆ ಸಿಪ್ಪೆ ನಡುವೆ ಎಲ್ಲೂ ತುಂಡಾಗುವುದಿಲ್ಲ. ಅದು ಒಂದೇ ಉದ್ದನೆಯ ಸುರುಳಿಯಾಗಿ ತಟ್ಟೆಗಿಳಿಯಿತು.

ಹೀಗೇ ದಿನ ಕಳೆದವು. ಒಂದು ಶುಕ್ರವಾರ ರೇಡಿಯೋ ಶಾಲೆ ಬಿಟ್ಟು ಬಂದಾಗ ಕತ್ತಲೆ ಮನೆಗೆ ಇನ್ನೂ ಬಟ್ಟೆ ಎಳೆದಿರಲಿಲ್ಲ. ಒಳಗೆ ಅಮ್ಮನ ಜೊತೆ ಡಾಕ್ಟರ್ ಸರ್ ನಿಂತಿದ್ದರು. ಇವರು ಇಂಜೆಕ್ಷನ್ ಕೊಡುವ ಡಾಕ್ಟರಲ್ಲ, ಗಿಡಗಳ ವಿಷಯ ಓದಿದ ಡಾಕ್ಟರು. ಕೇಂದ್ರಕ್ಕೇ ದೊಡ್ಡವರು.

ಮನೆಯ ಆ ತುದಿಯಿಂದ ಈ ತುದಿಯ ತನಕ ಗಿಡಗಳೆಲ್ಲ ಬಟಾಣಿ ಗಾತ್ರದ ಮೊಗ್ಗು ಹೊತ್ತು ನಿಂತಿದ್ದವು. ಕ್ರೇಟಿನ ಸುತ್ತ ಮಾತ್ರ ಬರೀ ಎಲೆ.

"ನೋಡಿ ಮೇಡಂ" ಎಂದರು ಡಾಕ್ಟರ್ ಸರ್. "ಒಂದೇ ತಳಿ, ಒಂದೇ ಪಾತಿ. ಅರ್ಧ ಮೊಗ್ಗು ಬಿಟ್ಟಿದೆ, ಅರ್ಧಕ್ಕೆ ಬುದ್ಧಿನೇ ಬಂದಿಲ್ಲ. ಇದನ್ನ ಬೆಳೆಗಾರರಿಗೆ ಕೊಟ್ರೆ ಮುಖಕ್ಕೆ ಉಗೀತಾರೆ."

"ಎಲ್ಲಾದ್ರೂ ಬೆಳಕು ಬಿದ್ದಿರಬಹುದು ಸರ್."

"ಬಟ್ಟೇನ ಇಂಚಿಂಚೂ ನೋಡಿದ್ದಾಯ್ತಲ್ಲ. ಒಂದು ತೂತಿಲ್ಲ. ಬೆಳಕು ಬಂದಿಲ್ಲ ಅಂದ ಮೇಲೆ ತಪ್ಪು ಗಿಡದ್ದೇ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಬಾಗಿಲಲ್ಲಿ ನಿಂತಿದ್ದ ರೇಡಿಯೋ ತನ್ನ ಸ್ಕೂಲ್ ಬ್ಯಾಗು ಮುಟ್ಟಿ ನೋಡಿಕೊಂಡಳು. ಚಾರ್ಜರ್ ಲೈಟು ಅದರೊಳಗೆ ಇತ್ತು.

"ಸೋಮವಾರ ಹದಿನೇಳನ್ನ ಕೀಳಿಸಿಬಿಡಿ" ಎಂದರು ಡಾಕ್ಟರ್ ಸರ್. ಅವರಿಗೂ ಬೇಜಾರಾಗಿತ್ತು, ದನಿಯಲ್ಲೇ ಗೊತ್ತಾಗುತ್ತಿತ್ತು. "ಬೇರೆ ಏನಾದ್ರೂ ಹಾಕೋಣ."

"ಆಗಲಿ ಸರ್" ಎಂದಳು ಅಮ್ಮ.

ಅವತ್ತು ಅಮ್ಮ ಮೈಕ್ರೋಸ್ಕೋಪ್ ಹತ್ತಿರ ಹೋಗದೆ ಸೀದಾ ಮನೆಗೆ ಬಂದಳು. ಹೆಗಲ ಬ್ಯಾಗನ್ನೂ ಇಳಿಸದೆ ಕುರ್ಚಿಯಲ್ಲಿ ಕೂತಳು. ರೇಡಿಯೋ ನೀರು ತಂದುಕೊಟ್ಟಳು. ಅಮ್ಮ ಲೋಟ ಹಿಡಿದುಕೊಂಡು ಅದನ್ನು ಕುಡಿಯುವುದನ್ನೇ ಮರೆತಳು.

ರೇಡಿಯೋ ಲೆಕ್ಕ ಹಾಕಿದಳು. ಲೈಟಿನ ವಿಷಯ ಹೇಳಿದರೆ ಹದಿನೇಳು ಉಳಿಯುತ್ತದೆ. ಆದರೆ ದಿನಾ ಸಂಜೆ ಅಲ್ಲಿ ಒಬ್ಬಳೇ ಯಾಕೆ ಕೂತಿದ್ದೆ ಎಂದು ಅಮ್ಮ ಕೇಳದೇ ಬಿಡುತ್ತಾಳೆಯೇ? ಕಣ್ಣಾಮುಚ್ಚಾಲೆಯೂ ಹೋಯಿತು, ತಂತಿ ಹಲ್ಲಿನ ಗೆಳತಿಯೂ ಹೋದಳು. ಅಮ್ಮ ಮತ್ತೆ ಊಟ ಬಿಡುತ್ತಾಳೆ. ಹೇಳದಿದ್ದರೆ, ಅವಳ ಸಮಾಚಾರವನ್ನೆಲ್ಲ ಒಂದೂ ಬೇಡವೆನ್ನದೆ ಕೇಳಿದ ಗಿಡಗಳು ಸೋಮವಾರ ಕಸದ ಗುಂಡಿಗೆ.

ಹೊರಗೆ ಮಕ್ಕಳ ಕೂಗು ಕೇಳುತ್ತಿತ್ತು. ಅಮ್ಮ ತಲೆಯೆತ್ತಿ, "ನೀನು ಹೋಗಲ್ವಾ? ನಿನ್ನ ಫ್ರೆಂಡ್ಸು ಕಾಯ್ತಿರ್ತಾರೆ" ಎಂದಳು.

ಇಂಥ ಹೊತ್ತಿನಲ್ಲೂ ಅಮ್ಮನಿಗೆ ಅದರದೇ ಯೋಚನೆ.

"ಅಮ್ಮ, ಚಪ್ಪಲಿ ಹಾಕ್ಕೋ. ನಿನಗೆ ಒಂದು ತೋರಿಸ್ಬೇಕು."

ಕತ್ತಲೆ ಮನೆಗೆ ಬಟ್ಟೆ ಎಳೆದಾಗಿತ್ತು. ರೇಡಿಯೋ ಮೊದಲನೇ ಬಾಗಿಲು ಮುಚ್ಚಿ ಎರಡನೆಯದನ್ನು ತೆಗೆದಳು. ಅಮ್ಮನ ಕೈ ಹಿಡಿದು ಕಂಬದ ತನಕ ನಡೆಸಿಕೊಂಡು ಹೋಗಿ, ಕ್ರೇಟಿನ ಮೇಲೆ ಕೂತು, ತನ್ನ ಸ್ಕೂಲ್ ಬ್ಯಾಗಿನಿಂದ ಲೈಟು ತೆಗೆದಳು. ಸುಮ್ಮನೆ ಸ್ವಿಚ್ ಒತ್ತಿದಳು.

ಬೆಳಕು ಗುಂಡಗೆ ಹರಡಿತು. ಬೆಳಕು ಬಿದ್ದಲ್ಲೆಲ್ಲ ಬರೀ ಎಲೆ. ಅಮ್ಮ ಗಿಡಗಳ ತುದಿ ಮುಟ್ಟುತ್ತ ಮುಟ್ಟುತ್ತ ಬೆಳಕಿನ ಅಂಚಿಗೆ ಹೋದಳು. ಅಲ್ಲಿ ಸಾಸಿವೆಯಷ್ಟು ಸಣ್ಣ ಮೊಗ್ಗು. ಅದರಾಚೆ ಕತ್ತಲಿಗೆ ಕೈ ಚಾಚಿದಳು. ಅಲ್ಲಿ ಬಟಾಣಿಯಷ್ಟು ಮೊಗ್ಗು. ಈ ಕಡೆಗೂ ಹಾಗೇ, ಆ ಕಡೆಗೂ ಹಾಗೇ.

"ದಿನಾನಾ?" ಎಂದಳು ಅಮ್ಮ, ಮೆಲ್ಲಗೆ.

"ಹೂಂ. ಬಿಸಿಲು ಮಾತ್ರ ಬರಬಾರದು ಅಂದ್ಕೊಂಡಿದ್ದೆ."

"ಆರಿಸು ಮರಿ. ಪಾಪ, ಅವಕ್ಕೆ ರಾತ್ರಿ."

ಕತ್ತಲೆಯಲ್ಲೇ ಅಮ್ಮ ಡಾಕ್ಟರ್ ಸರ್‌ಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದಳು. ಆ ಕಡೆ ಅವರು ಜೋರಾಗಿ ನಕ್ಕದ್ದು ರೇಡಿಯೋಗೂ ಕೇಳಿಸಿತು. "ಹಾಗಾದ್ರೆ ತಪ್ಪು ಹದಿನೇಳರದ್ದಲ್ಲ, ಅದನ್ನ ಕೀಳಿಸಬೇಡಿ. ಆ ಲೈಟಿನ ಯಜಮಾನರಿಗೆ ಹೇಳಿ, ಇನ್ನು ಗಿಡಗಳನ್ನ ಮಲಗೋಕೆ ಬಿಡಲಿ ಅಂತ."

ಫೋನ್ ಆರಿತು. ಈಗ ಬೈಗುಳ ಬರುತ್ತದೆ ಎಂದು ರೇಡಿಯೋ ಕಾದಳು. ಬರಲಿಲ್ಲ.

"ಹಾಗಾದ್ರೆ ಆ ಹಲ್ಲಿನ ತಂತಿಯವಳು?"

"ಇದಾಳೆ. ಆದ್ರೆ ಅವಳಿಗೆ ನನ್ನ ಹೆಸರೂ ಗೊತ್ತಿಲ್ಲ."

ಅಮ್ಮ ಉಸಿರು ಬಿಟ್ಟದ್ದು ಕೇಳಿಸಿತು. ಕೂರಲು ಜಾಗ ಕೊಡೋಣವೆಂದು ರೇಡಿಯೋ ಎದ್ದು ಪಕ್ಕಕ್ಕೆ ನಿಂತಳು. "ಇಲ್ಲಿ ಕ್ರೇಟಿದೆ, ಎಡವೀಯ" ಎನ್ನಬೇಕೆಂದು ಬಾಯಿ ತೆರೆದಳು.

ಹೇಳುವ ಅಗತ್ಯವೇ ಬೀಳಲಿಲ್ಲ. ಆ ಕಗ್ಗತ್ತಲಲ್ಲಿ ಅಮ್ಮ ಕೈಚಾಚಿ, ಕಂಬದ ಹಿಂಬದಿಯ ಮೊಳೆಗೆ ಬ್ಯಾಗು ತಗುಲಿಹಾಕಿದಳು. ತಿರುಗಿ, ಒಂದಿಷ್ಟೂ ತಡಕಾಡದೆ, ಕ್ರೇಟಿನ ಮೇಲೆ ಕೂತಳು. ಬೆನ್ನು ಕಂಬಕ್ಕೆ ಒರಗಿದ ಸದ್ದಾಯಿತು. ಅಲ್ಲೊಂದು ಮೊಳೆ ಇರುವುದು ಇಷ್ಟು ದಿನ ಕೂತ ರೇಡಿಯೋಗೇ ಗೊತ್ತಿರಲಿಲ್ಲ.

ರೇಡಿಯೋ ಬಗ್ಗಿ ಕ್ರೇಟಿನ ಬುಡದಲ್ಲಿ ಕೈಯಾಡಿಸಿದಳು. ಬೆರಳಿಗೆ ಕಿತ್ತಳೆ ಸಿಪ್ಪೆ ಸಿಕ್ಕಿತು. ಹಿಡಿದು ಎತ್ತಿದಳು. ಅದು ಬರುತ್ತಲೇ ಹೋಯಿತು, ಉದ್ದಕ್ಕೆ, ಎಲ್ಲೂ ತುಂಡಾಗದೆ. ಪಕ್ಕದಲ್ಲಿ ಇನ್ನೊಂದಿತ್ತು. ಅದು ಇನ್ನೂ ಹಸಿಯಾಗಿತ್ತು.

ಅವಳು ಎರಡೂ ಸಿಪ್ಪೆಗಳನ್ನು ಮೆಲ್ಲಗೆ ಇದ್ದಲ್ಲೇ ಇಟ್ಟಳು.

"ನಾಳೆ ಸ್ಕೂಲಿಗೆ ರಜ" ಎಂದಳು ಆಮೇಲೆ. "ಮಧ್ಯಾಹ್ನ ನಿನ್ನ ಜೊತೆ ಊಟಕ್ಕೆ ಬರ್ಲಾ?"

"ಆಫೀಸಲ್ಲಿ ತುಂಬಾ ಗಲಾಟೆ ಇರುತ್ತಲ್ಲ ಮರಿ."

"ಆಫೀಸಿಗಲ್ಲ ಅಮ್ಮ. ಇಲ್ಲಿಗೆ."

ಕ್ರೇಟು ಕಿರ್ ಎಂದಿತು. ಅಮ್ಮ ಒಂದು ಪಕ್ಕಕ್ಕೆ ಸರಿದು ಅವಳನ್ನು ಹತ್ತಿರ ಎಳೆದು ಕೂರಿಸಿಕೊಂಡಳು.

"ಇಬ್ಬರಿಗೆ ಇದು ಸಾಲಲ್ಲ" ಎಂದಳು. "ನಾಳೆ ಇನ್ನೊಂದು ಕ್ರೇಟು ಹುಡುಕೋಣ."